ಮುಹೂರ್ತ ನೋಡಿದಿರಿ, ಮೋಡದ ಹೊತ್ತು ನೋಡಿದಿರಾ?

ಲಗ್ನಪತ್ರಿಕೆಗಳು ಅಚ್ಚಿಗೆ ಹೋಗುವ ದಿನಗಳಲ್ಲಿ ಈ ಅಂಕಣಕ್ಕೆ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಮದುವೆಯನ್ನು ಬಯಲಲ್ಲಿ ಇಟ್ಟುಕೊಂಡಿದ್ದೇವೆ, ಮಳೆ ಬಂದರೆ ಏನು ಗತಿ? ಎಷ್ಟು ಟಾರ್ಪಾಲು ತರಿಸಬೇಕು, ನೀರು ಸೋರದ ಪೆಂಡಾಲಿಗೆ ಬಾಡಿಗೆ ಎಷ್ಟು ಹೆಚ್ಚಾದೀತು, ಮೊಬೈಲಿನಲ್ಲಿ ಯಾವ ಆ್ಯಪ್ ನಂಬಬಹುದು, ಹೀಗೆ ಪ್ರಶ್ನೆಗೆ ಬಾಲಗಳೂ ಇರುತ್ತವೆ. ಅವೆಲ್ಲ ಬೇಕಾದ ಮಾತೇ, ಆದರೆ ಎರಡನೆಯ ಮಾತು. ಮೊದಲು ಕೇಳಬೇಕಾದದ್ದನ್ನು ಯಾರೂ ಕೇಳುವುದಿಲ್ಲ: ಮದುವೆ ದಿನದ ಯಾವ ಹೊತ್ತಿಗೆ? ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಮಳೆಗಾಳಿಯ ಅಪಾಯವನ್ನು ತಾರೀಖಿಗಿಂತ ಗಡಿಯಾರ ಹೆಚ್ಚು ನಿರ್ಧರಿಸುತ್ತದೆ. ಬೆಳಗಿನ ಅಕ್ಷತೆಯನ್ನು ಬಿಟ್ಟು ಸಂಜೆಯ ಲಾನಿಗೆ ಹೋದ ದಿನವೇ ನಾವು ಮದುವೆಯನ್ನು ಗುಡುಗಿನ ಹೊತ್ತಿಗೆ ಒಯ್ದು ನಿಲ್ಲಿಸಿದೆವು ಎಂಬುದು ನನ್ನ ವಾದ.

ವಾದಕ್ಕೆ ಒಂದು ಊರು ಬೇಕಲ್ಲ, ವೈಜಾಪುರವನ್ನು ತೆಗೆದುಕೊಳ್ಳೋಣ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಈ ತಾಲ್ಲೂಕು ಮರಾಠವಾಡದ ಪಶ್ಚಿಮದ ಅಂಚು. ಅಲ್ಲಿಂದ ನಾಶಿಕದ ರಸ್ತೆ ಹಿಡಿದರೆ ಪೈಠಣಿ ಸೀರೆ ನೇಯುವ ಯೇವಲಾ ಸಿಗುತ್ತದೆ. 1956ರವರೆಗೆ ಇದು ಹೈದರಾಬಾದ್ ರಾಜ್ಯದ ಭಾಗ, ಅಂದರೆ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳ ಒಡನಾಡಿ. ಮಣ್ಣೂ ಅದೇ, ಬಸಾಲ್ಟ್ ಕಲ್ಲು ಕರಗಿ ಆದ ಎರೆಮಣ್ಣು. ಸಹ್ಯಾದ್ರಿಯ ಮಳೆನೆರಳಿನಲ್ಲಿ ಕುಳಿತ ಊರು ಇದು. ನಾಂದೂರ್ ಮಧ್ಮೇಶ್ವರದ ಕಾಲುವೆಗೆ ನೀರು ಬಿಟ್ಟರೇ ಎಂದು ರೈತರು ದಿನ ಎಣಿಸುವ ಸೀಮೆ. ಇಲ್ಲಿ ಮದುವೆಗೆ ಮಳೆಯ ಭಯವೆಂದರೆ ನಗು ಬರಬಹುದು. ಆದರೆ ಹಿಂಗಾರು ಫಸಲು ಮನೆಗೆ ಬಂದು ಕೈಯಲ್ಲಿ ನಾಲ್ಕು ಕಾಸು ಆಡುವುದು ಮಾರ್ಚಿಯ ನಂತರ. ಲಗ್ನಸರಾಯಿ ಏರುವುದು ಏಪ್ರಿಲ್, ಮೇನಲ್ಲಿ. ಸಿಡಿಲು, ಆಲಿಕಲ್ಲು, ಬಿರುಗಾಳಿ ಈ ಸೀಮೆಗೆ ಬರುವುದೂ ಅದೇ ತಿಂಗಳುಗಳಲ್ಲಿ, ಕೆಲವೊಮ್ಮೆ ಅದಕ್ಕೂ ಮುಂಚೆ. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚಿಯಲ್ಲಿ ಮರಾಠವಾಡ, ವಿದರ್ಭ, ನಾಶಿಕದ ಕಡೆಗಳಲ್ಲಿ ದಿನಗಟ್ಟಲೆ ಬಿದ್ದ ಆಲಿಕಲ್ಲು ಗೋಧಿ, ಕಡಲೆ, ದ್ರಾಕ್ಷಿಯನ್ನು ನೆಲಕ್ಕೆ ಹಾಸಿದ್ದನ್ನು ಅಲ್ಲಿನವರು ಮರೆತಿಲ್ಲ. ಬರದ ಊರು ಎಂದರೆ ಮಳೆಯಿಲ್ಲದ ಊರು ಎಂದಲ್ಲ. ಬೇಕಾದಾಗ ಬಾರದೆ ಬೇಡವಾದಾಗ ಬರುವ ಊರು.

ಹಿರಿಯರು ಇದನ್ನು ಯೋಚಿಸಿಯೇ ಇರಲಿಲ್ಲವೇ? ಅರ್ಧ ಯೋಚಿಸಿದ್ದರು. ಮಹಾರಾಷ್ಟ್ರದಲ್ಲಿ ಆಷಾಢ ಏಕಾದಶಿಯಿಂದ ಕಾರ್ತಿಕ ಏಕಾದಶಿಯವರೆಗೆ ಚಾತುರ್ಮಾಸ, ಲಗ್ನವಿಲ್ಲ. ತುಳಸಿ ವಿವಾಹ ಮುಗಿದ ಮೇಲೆಯೇ ವಾದ್ಯ. ನಮ್ಮಲ್ಲಿ ಶ್ರಾವಣಕ್ಕೆ ರಿಯಾಯಿತಿ ಇದ್ದರೂ ಆಷಾಢ ನಿಷಿದ್ಧ. ಕಾರಣವಾಗಿ ಯಾವ ಶಾಸ್ತ್ರ ಹೇಳಿದರೂ ಫಲ ಒಂದೇ: ಮುಂಗಾರಿನ ಕೆಸರಿನಲ್ಲಿ, ಬಿತ್ತನೆಯ ಅವಸರದಲ್ಲಿ ಮದುವೆ ಬರುವುದಿಲ್ಲ. ಹೀಗೆ ಪಂಚಾಂಗವೇ ದೊಡ್ಡ ಮಳೆಗೆ ಬಾಗಿಲು ಹಾಕಿದ್ದರಿಂದ, ಉಳಿದ ತಿಂಗಳುಗಳೆಲ್ಲ ನಿರ್ಭಯ ಎಂಬ ನಂಬಿಕೆ ಬೆಳೆಯಿತು. ಮುಂಗಾರಿಗೆ ಮುಂಚಿನ ಅಡ್ಡಮಳೆ ಈ ಲೆಕ್ಕದ ಹೊರಗೆ ಉಳಿದುಬಿಟ್ಟಿತು. ಅಡ್ಡಮಳೆಯ ಸ್ವಭಾವವೇ ಬೇರೆ. ಮುಂಗಾರು ಹಗಲಿರುಳು ನೋಡದೆ ಹಿಡಿದು ಸುರಿಯಬಲ್ಲದು. ಬೇಸಿಗೆಯ ಮಳೆ ಸೂರ್ಯನ ಕೂಲಿ. ಬೆಳಗಿನಿಂದ ಕಪ್ಪು ನೆಲ ಕಾಯುತ್ತದೆ, ನೆಲ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ, ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸಿಕ್ಕಿತೆಂದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಬೆಳೆದು ನಿಲ್ಲುತ್ತದೆ. ಅದು ಒಡೆಯುವುದು ಸಾಮಾನ್ಯವಾಗಿ ಮೂರು ಗಂಟೆಯಿಂದ ರಾತ್ರಿ ಎಂಟು, ಒಂಬತ್ತರವರೆಗೆ. ಒಡೆದಾಗ ಮೊದಲು ಬರುವುದು ನೀರಲ್ಲ, ಗಾಳಿ. ಮೋಡದೊಳಗಿನ ತಣ್ಣನೆಯ ಗಾಳಿ ಕುಸಿದು ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಧೂಳಿನ ಗೋಡೆ ಎದ್ದು ಬಂದು, ಬಿಸಿಲಿಗೆ ಬೆವರುತ್ತಿದ್ದವರಿಗೆ ಒಮ್ಮೆಲೆ ತಂಪೆನಿಸಿ, ಶಾಮಿಯಾನದ ಅಂಚು ಪಟಪಟ ಬಡಿಯತೊಡಗಿತೆಂದರೆ ಕೈಯಲ್ಲಿ ಉಳಿದಿರುವುದು ಕೆಲವೇ ನಿಮಿಷ. ಆಗ ಟಾರ್ಪಾಲು ಹುಡುಕುವುದು ವ್ಯರ್ಥ.

ಕಳೆದ ಕೆಲವು ವರ್ಷಗಳ ದುರಂತಗಳ ಹೊತ್ತನ್ನು ನೋಡಿ. 2017ರ ಮೇ 10ರಂದು ರಾಜಸ್ಥಾನದ ಭರತಪುರದಲ್ಲಿ ಮದುವೆ ನಡೆಯುತ್ತಿದ್ದಾಗ ಬಿರುಗಾಳಿ ಬಂತು. ಗೋಡೆ ಕುಸಿದು 20ಕ್ಕೂ ಹೆಚ್ಚು ಮಂದಿ ಸತ್ತರು. ಅದು ರಾತ್ರಿಯ ಹೊತ್ತು. 2019ರ ಜೂನ್ 23ರಂದು ಬಾಡಮೇರ್ ಜಿಲ್ಲೆಯ ಜಸೋಲ್‌ನಲ್ಲಿ ರಾಮಕಥೆಯ ಪೆಂಡಾಲು ಗಾಳಿಗೆ ಎದ್ದು ಬಿದ್ದಿತು. ಕೆಲವರು ಕೆಳಗೆ ಸಿಕ್ಕಿ, ಕೆಲವರು ಕಬ್ಬಿಣದ ಕಂಬದಲ್ಲಿ ಹರಿದ ವಿದ್ಯುತ್ತಿಗೆ ಬಲಿಯಾಗಿ ಒಟ್ಟು 14 ಜೀವ ಹೋದವು. ಅದು ಮಧ್ಯಾಹ್ನದ ನಂತರ. 2023ರ ಏಪ್ರಿಲ್ 9ರಂದು ವಿದರ್ಭದ ಅಕೋಲಾ ಜಿಲ್ಲೆಯ ಪಾರಸ್‌ನಲ್ಲಿ ಮಳೆಗೆಂದು ದೇವಸ್ಥಾನದ ತಗಡಿನ ಶೆಡ್ಡಿನಡಿ ನಿಂತವರ ಮೇಲೆ ಹಳೆಯ ಬೇವಿನ ಮರ ಉರುಳಿ 7 ಮಂದಿ ಸತ್ತರು. ಅದು ಸಂಜೆ. ಅದೇ ವರ್ಷ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಸತ್ತದ್ದೂ ಮಧ್ಯಾಹ್ನದ ಆಲಿಕಲ್ಲು ಮಳೆಗೆ. ನಾಲ್ಕು ಘಟನೆ ಹೇಳಿ ನಿಯಮ ಕಟ್ಟಬಾರದು, ಒಪ್ಪುತ್ತೇನೆ. ಆದರೆ ನಿಯಮವನ್ನು ಕಟ್ಟಿದ್ದು ಹವಾಮಾನ ವಿಜ್ಞಾನ, ಈ ಘಟನೆಗಳು ಅದಕ್ಕೆ ಸಾಕ್ಷಿ ಮಾತ್ರ. ಪಾರಸ್‌ನಲ್ಲಿ ಜನರನ್ನು ಕೊಂದದ್ದು ಅವರು ಆಸರೆ ಎಂದುಕೊಂಡು ಕೆಳಗೆ ನಿಂತ ಶೆಡ್ಡು ಎಂಬುದನ್ನೂ ಗಮನಿಸಿ. ಮಳೆಗೆ ಓಡುವ ಜಾಗವನ್ನು ಮೊದಲೇ ಗೊತ್ತುಮಾಡದಿದ್ದರೆ ಜನ ಗೋಡೆಯ ಬದಿಗೆ, ಮರದ ಬುಡಕ್ಕೆ, ತಗಡಿನ ಕೆಳಗೆ ತಾವಾಗಿಯೇ ಓಡುತ್ತಾರೆ.

ಹಿಂದಿನ ಹಳ್ಳಿಯ ಮದುವೆಯೂ ಬಯಲಲ್ಲೇ ಆಗುತ್ತಿತ್ತಲ್ಲ ಎನ್ನಬಹುದು. ಹೌದು, ಆದರೆ ಮನೆಯ ಮುಂದಿನ ಹಂದರದಲ್ಲಿ. ಹಿಂದೆಯೇ ಮನೆ, ಪಕ್ಕದಲ್ಲಿ ಗುಡಿಯ ಪಡಸಾಲೆ, ಎದುರಿಗೆ ದಾಯಾದಿಗಳ ಕಟ್ಟೆ. ಮೋಡ ಕವಿದರೆ ನಾಲ್ಕು ಹೆಜ್ಜೆಯಲ್ಲಿ ಸೂರು. ಈಗಿನ ಲಾನು ಊರ ಹೊರಗೆ, ಹೆದ್ದಾರಿಯ ಬದಿಗೆ, ಹೊಲ ಸಮತಟ್ಟು ಮಾಡಿ ಹುಲ್ಲು ಹಾಸಿದ ಜಾಗ. ಮಹಾರಾಷ್ಟ್ರದ ಯಾವ ತಾಲ್ಲೂಕಿಗೆ ಹೋದರೂ ‘ಮಂಗಲ ಕಾರ್ಯಾಲಯ ಮತ್ತು ಲಾನ್ಸ್’ ಎಂಬ ಫಲಕಗಳ ಸಾಲು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಹೊರವಲಯಗಳೂ ಹಿಂದೆ ಬಿದ್ದಿಲ್ಲ. ಅಲ್ಲಿ ಕಾರ್ಯಕ್ರಮ ಕಳೆಗಟ್ಟುವುದೇ ಸಂಜೆ. ದೀಪದ ಅಲಂಕಾರ, ಡ್ರೋನಿನ ಚಿತ್ರ, ಕಚೇರಿ ಮುಗಿಸಿ ಬರುವ ನೆಂಟರು, ಗೋಧೂಳಿ ಮುಹೂರ್ತ, ಎಲ್ಲವೂ ಆ ಹೊತ್ತನ್ನೇ ಬೇಡುತ್ತವೆ. ಬಿಸಿಲು ತಪ್ಪಿಸಿಕೊಂಡೆವು ಎಂದುಕೊಂಡು ಸಿಡಿಲಿನ ಹೊತ್ತಿಗೆ ಸಾವಿರ ಜನರನ್ನು ಬಯಲಲ್ಲಿ ಕೂರಿಸಿದ್ದೇವೆ. ಸಿಡಿಲಿಗೆ ಶಾಮಿಯಾನ ಯಾವ ರಕ್ಷಣೆಯೂ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಸಿಡಿಲಿಗೆ ಸಾಯುವವರು ವರ್ಷಕ್ಕೆ 2,000ಕ್ಕೂ ಹೆಚ್ಚು. ಪಕ್ಕಾ ಕಟ್ಟಡ, ಅದಿಲ್ಲದಿದ್ದರೆ ಕಿಟಕಿ ಏರಿಸಿದ ಕಾರು, ಬಸ್ಸು, ಇವಿಷ್ಟೇ ಸುರಕ್ಷಿತ.

ಪುಣೆಯ ವಾನವಡಿಯಲ್ಲಿ 2025ರ ಮೇ 20ರ ಸಂಜೆ ನಡೆದದ್ದು ದೇಶದ ತುಂಬ ಸುದ್ದಿಯಾಯಿತು. ಲಾನಿನಲ್ಲಿ ಹಿಂದೂ ಕುಟುಂಬವೊಂದರ ಮದುವೆಗೆ ಎಲ್ಲ ಸಿದ್ಧವಾಗಿದ್ದಾಗ ಮಳೆ ಸುರಿಯಿತು. ಪಕ್ಕದ ಸಭಾಂಗಣದಲ್ಲಿ ಮುಸ್ಲಿಂ ಕುಟುಂಬವೊಂದರ ಆರತಕ್ಷತೆ ನಡೆಯುತ್ತಿತ್ತು. ಅವರು ತಮ್ಮ ವೇದಿಕೆಯನ್ನು ತೆರವು ಮಾಡಿಕೊಟ್ಟರು, ಮದುವೆಯ ವಿಧಿಗಳು ಅಲ್ಲಿ ನಡೆದವು, ಆಮೇಲೆ ಎರಡೂ ಕಡೆಯವರು ಕೂಡಿ ಉಂಡರು. ಸೌಹಾರ್ದದ ಕಥೆಯಾಗಿ ಇದನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೆ ಮದುವೆ ಏರ್ಪಡಿಸುವವರು ಇದರಲ್ಲಿ ಇನ್ನೊಂದನ್ನೂ ಕಾಣಬೇಕು. ಅಂದು ಮದುವೆ ಉಳಿದದ್ದು ನಡೆದುಹೋಗುವಷ್ಟು ಹತ್ತಿರ ಒಂದು ಪಕ್ಕಾ ಸೂರು ಇದ್ದುದರಿಂದ, ಮತ್ತು ಮದುವೆ ಎಂಬ ಕ್ರಿಯೆಗೆ ಬೇಕಾದದ್ದು ಒಂದು ವೇದಿಕೆಯಷ್ಟು ಜಾಗ, ಸ್ವಲ್ಪ ಹೊತ್ತು ಮಾತ್ರ ಎಂಬುದರಿಂದ. ಅಂತರಪಟ, ಅಕ್ಷತೆ, ಸಪ್ತಪದಿ ಇವಕ್ಕೆ ಒಂದು ದೊಡ್ಡ ಕೋಣೆ ಸಾಕು. ಸಾವಿರ ಚದರಡಿ ಕೇಳುವುದು ಊಟ, ಹತ್ತು ಸಾವಿರ ಕೇಳುವುದು ನಮ್ಮ ದೌಲತ್ತು. (1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆಗೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯವನ್ನು ಅನುಸರಿಸುವವರಿಗೆ ಈ ಲೇಖನವೇ ಬೇಕಾಗಿಲ್ಲ. ಆದರೆ ಬಹುಪಾಲು ಓದುಗರು ಅದಕ್ಕೆ ಒಪ್ಪುವುದಿಲ್ಲ ಎಂಬುದೂ ಗೊತ್ತು.) ಹಾಗಾಗಿ ವಿಧಿ ಮತ್ತು ವಿಜೃಂಭಣೆಯನ್ನು ಬಿಡಿಸಿ ನೋಡಬೇಕು. ಸರಿಸಲಾಗದ ಮುಹೂರ್ತವನ್ನು ಬೆಳಿಗ್ಗೆ, ಸೂರಿನಡಿ ಇಡಿ. ಸಂಜೆಯ ಆರತಕ್ಷತೆಗೆ ಮುಹೂರ್ತವಿಲ್ಲ. ಅದು ಗಂಟೆ ಹಿಂದೆ ಮುಂದೆ ಹೋಗಬಹುದು, ಒಳಗೆ ಹೋಗಬಹುದು, ಬೇಕಾದರೆ ರದ್ದೂ ಆಗಬಹುದು. ಮದುವೆಯಂತೂ ಆಗಿರುತ್ತದೆ.

ಮುಹೂರ್ತ ನಮ್ಮ ಕೈಯಲ್ಲಿದೆಯೇ ಎಂಬುದು ಮೊದಲ ಆಕ್ಷೇಪ. ಪಂಚಾಂಗದಲ್ಲಿ ಒಂದು ದಿನಕ್ಕೆ ಒಂದೇ ಲಗ್ನವಿರುವುದಿಲ್ಲ. ಯಾವುದನ್ನು ಆರಿಸುವುದೆಂಬುದನ್ನು ಕಲ್ಯಾಣಮಂಟಪದ ಬಿಡುವು, ಅಡುಗೆಯವರ ಬಿಡುವು, ಬೀಗರ ಅನುಕೂಲ ನೋಡಿಯೇ ತೀರ್ಮಾನಿಸುತ್ತೇವೆ. ಆ ಸಾಲಿನಲ್ಲಿ ಮೋಡಕ್ಕೂ ಒಂದು ಜಾಗ ಕೊಡಿ ಎಂದರೆ ಯಾವ ಪುರೋಹಿತರೂ ಬೇಡ ಎನ್ನಲಾರರು. ಎರಡನೆಯ ಆಕ್ಷೇಪ ಬಿಸಿಲಿನದು, ಅದು ಗಟ್ಟಿಯಾದದ್ದು. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನಕ್ಕೆಂದು ತೆರೆದ ಮೈದಾನದಲ್ಲಿ ಕುಳಿತಿದ್ದವರಲ್ಲಿ 14 ಮಂದಿ ಬಿಸಿಲಿನ ಹೊಡೆತಕ್ಕೆ ಸತ್ತರು. ಸಂಜೆಯನ್ನು ಬಿಟ್ಟು ನಡುಹಗಲಿಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದ ಎಷ್ಟೋ ಪತ್ರಿಕೆಗಳಲ್ಲಿ ಅಚ್ಚಾಗುವ ಹನ್ನೆರಡೂವರೆಯ ಅಕ್ಷತೆ, ಅದು ತಡವಾಗಿ ಎರಡು ಗಂಟೆಗೆ ಬೀಳುವ ರೂಢಿ, ಬಿಸಿಲು ಮತ್ತು ಮೋಡ ಎರಡಕ್ಕೂ ಸಿಕ್ಕಿಬೀಳುವ ಉಪಾಯ. ಎಂಟರಿಂದ ಹತ್ತೂವರೆಯೊಳಗೆ ವಿಧಿ, ಹನ್ನೊಂದಕ್ಕೆ ಮೊದಲ ಪಂಕ್ತಿ, ಇದು ನಮ್ಮ ಅಜ್ಜಂದಿರಿಗೆ ಹೊಸದಾಗಿರಲಿಲ್ಲ. ದೂರದ ನೆಂಟರು ಅಷ್ಟು ಬೇಗ ಬರಲಾರರು ಎಂದರೆ ಹಿಂದಿನ ರಾತ್ರಿಯೇ ಕರೆಸಿ ಉಳಿಸಿಕೊಳ್ಳಬೇಕು. ಖರ್ಚಿದೆ, ಒಪ್ಪಿದೆ. ಸಂಜೆಯ ದೀಪಾಲಂಕಾರಕ್ಕೂ ಖರ್ಚಿದೆ.

ಚಳಿಗಾಲದ ಮದುವೆಗಳಿಗೆ ಮಾತ್ರ ನನ್ನ ಹೊತ್ತಿನ ಲೆಕ್ಕ ಅಷ್ಟು ಬಿಗಿಯಾಗಿ ಹೊಂದುವುದಿಲ್ಲ. 2023ರ ನವೆಂಬರ್ 26ರಂದು, ತುಳಸಿ ವಿವಾಹದ ದಿನಗಳಲ್ಲೇ, ನಾಶಿಕ ಜಿಲ್ಲೆಯ ನಿಫಾಡ್ ಮೊದಲಾದ ಕಡೆ ಅಕಾಲಿಕ ಮಳೆ, ಆಲಿಕಲ್ಲು ಬಿದ್ದು ದ್ರಾಕ್ಷಿ, ಈರುಳ್ಳಿ ಹಾಳಾದವು. ಇಂಥ ಮಳೆಯನ್ನು ತರುವುದು ಒಂದು ದಿನದ ಬಿಸಿಲಲ್ಲ, ದೂರದಿಂದ ಸಾಗಿ ಬರುವ ದೊಡ್ಡ ವಾಯುಭಾರದ ವ್ಯವಸ್ಥೆಗಳು. ಅವು ಹಗಲು ರಾತ್ರಿ ಎನ್ನುವುದಿಲ್ಲ. ಅದಕ್ಕೆ ಪ್ರತಿಯಾಗಿ ಒಂದು ಅನುಕೂಲವಿದೆ: ದೊಡ್ಡ ವ್ಯವಸ್ಥೆಯ ಸುಳಿವು ಭಾರತೀಯ ಹವಾಮಾನ ಇಲಾಖೆಗೆ ಮೂರು ನಾಲ್ಕು ದಿನ ಮುಂಚೆ ಸಿಗುತ್ತದೆ. ಬೇಸಿಗೆಯ ಗುಡುಗುಮಳೆ ಯಾವ ತಾಲ್ಲೂಕಿನ ಮೇಲೆ ಬೀಳುತ್ತದೆಂದು ಅಷ್ಟು ಮುಂಚೆ ಯಾರೂ ಹೇಳಲಾರರು. ಇಲಾಖೆಯ ಮುನ್ಸೂಚನೆಯಲ್ಲಿ ‘ಅಲ್ಲಲ್ಲಿ’ ಮಳೆ ಎಂದರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಮಳೆ ಎಂದರ್ಥ. ನಿಮ್ಮ ಲಾನು ಆ ಕಾಲು ಭಾಗದೊಳಗೋ ಹೊರಗೋ ಎಂಬುದು ಗೊತ್ತಾಗುವುದು ಅದೇ ದಿನ, ಮುಂದಿನ ಮೂರು ಗಂಟೆಗಳಿಗಷ್ಟೇ ಹೇಳುವ ತಕ್ಷಣದ ಮುನ್ಸೂಚನೆಯಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿದರೆ ಹೋಬಳಿಯ ಸ್ಥಿತಿ ಹೇಳುತ್ತಾರೆ. ವಾರದ ಮುಂಚೆ ಆ್ಯಪಿನಲ್ಲಿ ಸೂರ್ಯನ ಚಿತ್ರ ಕಂಡು ಸಮಾಧಾನಪಡುವುದಕ್ಕೆ ಮಾತ್ರ ಅರ್ಥವಿಲ್ಲ.

ಸಂಭವ ಕಡಿಮೆ, ಇಷ್ಟಕ್ಕೆ ಏಕೆ ತಲೆಕೆಡಿಸಿಕೊಳ್ಳಬೇಕು ಎಂಬ ಮಾತನ್ನೂ ಲೆಕ್ಕ ಹಾಕಿ ನೋಡೋಣ. ಬರೀ ವಾದಕ್ಕೆಂದು, ಸೀಸನ್ನಿನ ಯಾವುದೇ ಒಂದು ಸಂಜೆ ಗುಡುಗುಮಳೆ ಬರುವ ಸಾಧ್ಯತೆ 20ರಲ್ಲಿ 1 ಎಂದು ಹಿಡಿಯೋಣ. ಜೀವನದಲ್ಲಿ ಒಂದೇ ಮದುವೆ ಮಾಡುವ ತಂದೆಗೆ ಅದು ಸಣ್ಣ ಸಂಖ್ಯೆ. ಆದರೆ ಆ ಸೀಸನ್ನಿನಲ್ಲಿ 40 ಮದುವೆ ಮಾಡಿಸುವ ಲಾನಿನ ಮಾಲೀಕನಿಗೆ ಒಂದಾದರೂ ಮದುವೆ ಮಳೆಗೆ ಸಿಗುವ ಸಾಧ್ಯತೆ ನೂರಕ್ಕೆ 87. ತಂದೆಗೆ ಅದು ಅದೃಷ್ಟದ ಪ್ರಶ್ನೆ, ಮಾಲೀಕನಿಗೆ ಹೆಚ್ಚುಕಡಿಮೆ ವರ್ಷ ವರ್ಷ ಬರುವ ಸಂಗತಿ. ಹಾಗಿರುವಾಗ ಮಳೆಯ ಏರ್ಪಾಡು ಬಾಡಿಗೆ ಹಿಡಿದವರ ತಲೆನೋವು ಎಂದು ಮಾಲೀಕ ಕೈತೊಳೆದುಕೊಳ್ಳುವುದು ಸರಿಯಲ್ಲ. ಪಕ್ಕಾ ಚಾವಣಿ ಒದಗಿಸುವುದು ಅವನ ವ್ಯಾಪಾರದ ಭಾಗ, ಅದರ ಖರ್ಚು 40 ಬಾಡಿಗೆಗಳಲ್ಲಿ ಹಂಚಿಹೋಗುತ್ತದೆ.

ಇನ್ನು ಪೆಂಡಾಲಿನ ಮಾತು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 60ಕ್ಕೆ 100 ಅಡಿಯ ಪೆಂಡಾಲಿನ ಮೇಲೆ 20 ಮಿ.ಮೀ. ಬಿದ್ದರೆ 11,000 ಲೀಟರಿಗೂ ಹೆಚ್ಚು, ತೂಕದಲ್ಲಿ 11 ಟನ್. ಬಟ್ಟೆ ಇಳಿಜಾರಾಗಿದ್ದರೆ ಹರಿದುಹೋಗುತ್ತದೆ. ಅಂದಕ್ಕೆಂದು ಸಮತಟ್ಟಾಗಿ ಎಳೆದು ಕಟ್ಟಿದ್ದರೆ ನಡುವೆ ಹೊಟ್ಟೆ ಬಿಟ್ಟು ನೀರು ನಿಂತು, ಕೋಲಿನಿಂದ ಎತ್ತಿ ಸುರಿಯಲು ಹೋದವನ ಮೇಲೇ ಕುಸಿಯುತ್ತದೆ. ಗಾಳಿಯ ಲೆಕ್ಕ ಇನ್ನೂ ಕಠಿಣ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 30 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 4 ಕಿಲೋ ತೂಕದಷ್ಟು ತಳ್ಳಿದರೆ, 60 ಕಿ.ಮೀ. ಗಾಳಿ 17 ಕಿಲೋ. ಹಿಂಬದಿಗೆ ಕಟ್ಟಿದ 60 ಅಡಿ ಅಗಲ, 12 ಅಡಿ ಎತ್ತರದ ಪರದೆಯ ಮೇಲೆ ಅದು ಒಂದು ಟನ್ ಮೀರುತ್ತದೆ. ಮೂರು ಕಡೆ ಪರದೆ ಕಟ್ಟಿ ಒಂದು ಕಡೆ ತೆರೆದಿಟ್ಟ ಪೆಂಡಾಲಿನೊಳಗೆ ಗಾಳಿ ಹೊಕ್ಕರೆ ಹೊರಗೆ ದಾರಿಯಿಲ್ಲದೆ ಚಾವಣಿಯನ್ನೇ ಎತ್ತುತ್ತದೆ. ಇದನ್ನೆಲ್ಲ ತಡೆಯಬೇಕಾದದ್ದು ಒಂದು ಕಬ್ಬಿಣದ ಗೂಟ. ವೈಜಾಪುರದ ಎರೆಯಲ್ಲಿ ಬೇಸಿಗೆಗೆ ಬಿರುಕು ಬಿಟ್ಟ ನೆಲ ಕಲ್ಲಿನಂತೆ ಗಟ್ಟಿ, ಸುತ್ತಿಗೆಯ ಏಟಿಗೆ ಗೂಟ ಅರ್ಧ ಇಳಿದು ನಿಂತರೆ ಆಳುಗಳು ಸಾಕೆಂದು ಬಿಡುತ್ತಾರೆ. ಮೊದಲ ಮಳೆಗೆ ಅದೇ ಮಣ್ಣು ಉಬ್ಬಿ ಬೆಣ್ಣೆಯಾಗುತ್ತದೆ, ಹಗ್ಗ ಜಗ್ಗಿದರೆ ಗೂಟ ಕೈಗೆ ಬರುತ್ತದೆ. ಗೂಟದ ಜೊತೆಗೆ ನೀರು ತುಂಬಿದ ಡ್ರಮ್ಮು ಅಥವಾ ಮರಳು ಚೀಲದ ಭಾರ ಕಟ್ಟಿಸುವುದು ಅಲ್ಲಿ ಅಗತ್ಯ. ಮಳೆ ನಿಂತ ಮೇಲೂ ಆ ಮಣ್ಣು ಬಿಡುವುದಿಲ್ಲ. ವಧುವಿನ ಪೈಠಣಿಯ ಪದರಿಗೆ ಮೆತ್ತಿಕೊಳ್ಳುತ್ತದೆ, ಕಾರಿನ ಚಕ್ರವನ್ನು ಅರ್ಧ ನುಂಗುತ್ತದೆ. ವಾಹನ ನಿಲ್ಲಿಸುವ ಜಾಗಕ್ಕೆ ಮೊದಲೇ ಮುರುಮ್ ಹಾಕಿಸದಿದ್ದರೆ ಅರ್ಧರಾತ್ರಿ ಟ್ರ್ಯಾಕ್ಟರ್ ಹುಡುಕಬೇಕು. ಜಸೋಲ್‌ನಂತೆ ಕಂಬದಲ್ಲಿ ಕರೆಂಟು ಹರಿಯದಿರಲು, ಗಾಳಿ ಎದ್ದ ಕೂಡಲೇ ಜನರೇಟರ್ ಆರಿಸುವ ಒಬ್ಬನನ್ನು ಅದರ ಬಳಿಯೇ ನಿಲ್ಲಿಸಬೇಕು.

ಏರ್ಪಾಡುಗಳೆಲ್ಲ ಇದ್ದೂ ಕೈಕೊಡುವುದು ತೀರ್ಮಾನ ತೆಗೆದುಕೊಳ್ಳುವವರಿಲ್ಲದೆ. ಶುಭಕಾರ್ಯದಲ್ಲಿ ಮಳೆಯ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುವ ಮನೆಗಳೇ ಹೆಚ್ಚು. ಮೋಡ ಕವಿದ ಮೇಲೂ ಶಾಮಿಯಾನದವನು ಯಜಮಾನರ ಮುಖ ನೋಡುತ್ತಾನೆ, ಯಜಮಾನರು ಬೀಗರ ಮುಖ ನೋಡುತ್ತಾರೆ, ಬೀಗರು ಆಕಾಶ ನೋಡುತ್ತಾರೆ. ಹೆಣ್ಣಿನ ತಂದೆಗೆ ಧಾರೆ ಎರೆಯುವ ಕೆಲಸ. ಸೋದರಮಾವನಿಗೆ ಮಹಾರಾಷ್ಟ್ರದ ಪದ್ಧತಿಯಂತೆ ಅಂತರಪಟದ ಮುಂದೆ ಸೊಸೆಯ ಹಿಂದೆ ನಿಲ್ಲುವ ಕೆಲಸ. ಇವರನ್ನು ಬಿಟ್ಟು, ಯಾವ ವಿಧಿಯಲ್ಲೂ ಪಾತ್ರವಿಲ್ಲದ, ನಾಲ್ಕು ಜನ ಮಾತು ಕೇಳುವ ಒಬ್ಬ ಚಿಕ್ಕಪ್ಪನಿಗೋ ಅತ್ತಿಗೆಗೋ ಅಧಿಕಾರ ಕೊಡಬೇಕು. ಗಂಟೆಯನ್ನೂ ಮೊದಲೇ ಗೊತ್ತುಮಾಡಬೇಕು. ಸಂಜೆ ಆರರ ಕಾರ್ಯಕ್ರಮಕ್ಕೆ ಮೂರು ಗಂಟೆಗೆ ಮುನ್ಸೂಚನೆ ನೋಡಿ, ಎಚ್ಚರಿಕೆ ಇದ್ದರೆ ಚರ್ಚೆಯಿಲ್ಲದೆ ಒಳಗೆ. ಒಳಗೆ ಹೋದ ಮೇಲೆ ಮಳೆ ಬರದಿದ್ದರೆ ಆ ಚಿಕ್ಕಪ್ಪನನ್ನು ಛೇಡಿಸಬಾರದು, ಇಲ್ಲವಾದರೆ ಮುಂದಿನ ಮದುವೆಗೆ ಆ ಕೆಲಸಕ್ಕೆ ಯಾರೂ ಸಿಗುವುದಿಲ್ಲ.

ಈ ವರ್ಷ ಲಾನಿಗೆ ಮುಂಗಡ ಕೊಡಲು ಹೊರಟವರು ಅಲಂಕಾರದ ಫೋಟೊಗಳ ಆಲ್ಬಮ್ ತೆರೆಯುವ ಮುಂಚೆ ಮಾಲೀಕರನ್ನು ಎರಡು ಪ್ರಶ್ನೆ ಕೇಳಿ. ಗಾಳಿಮಳೆ ಬಂದರೆ ನಮ್ಮ ಅತಿಥಿಗಳೆಲ್ಲ ನಿಲ್ಲಬಹುದಾದ ಪಕ್ಕಾ ಕಟ್ಟಡ ಎಷ್ಟು ಹೆಜ್ಜೆಯಲ್ಲಿದೆ? ಆ ದಿನ ಅದನ್ನು ಬೇರೆಯವರಿಗೆ ಕೊಟ್ಟಿಲ್ಲ ತಾನೇ? ಎರಡಕ್ಕೂ ಸರಿಯಾದ ಉತ್ತರ ಬರೆದುಕೊಟ್ಟರೆ ಸಂಜೆಯ ಮದುವೆಗೆ ನನ್ನ ತಕರಾರಿಲ್ಲ. ತೊದಲಿದರೆ ಬೆಳಗಿನ ಲಗ್ನ ಹುಡುಕಿಸಿ, ಇಲ್ಲವೇ ಬೇರೆ ಜಾಗ ನೋಡಿ.